ಉರಿಯುವ ಮನೆಯಲ್ಲಿ ಅಮಾನತ್ ಕಾಯ್ದ ಮುಸದ್ದಿಕ್



ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಬಗ್ಗೆ ನಮ್ಮ ಹಿರಿಯರು ಆಡುವ ಗಾದೆಯನ್ನು ನೀವು ಕೇಳಿರಬಹುದು. ಬೆಂಕಿ ಆರಿಸಲು ಬಂದವರಂತೆ ಒಳಗೆ ನುಗ್ಗಿ ಮಾಡಿನ ಗಳವನ್ನೇ ಎಳೆದುಕೊಂಡು ಹೋಗುವವರು ಎಲ್ಲ ಕಾಲದಲ್ಲೂ ಇದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇರಾನ್ ಅಂತಹ ಒಂದು ಉರಿಯುವ ಮನೆಯಾಗಿತ್ತು. ಹೊರಗಿನವರು ಅದರ ಗಳಗಳನ್ನು ಹಿರಿಯುತ್ತಿದ್ದರು. ಒಳಗಿನ ಕೆಲವರು ಅವರಿಗೆ ಬಾಗಿಲು ತೆರೆದುಕೊಡುತ್ತಿದ್ದರು. ಆ ಹೊತ್ತಿನಲ್ಲಿ ನಾಡಿನ ಸೊತ್ತನ್ನು ಅಮಾನತ್ ಎಂದು ತಿಳಿದು ಕಾವಲು ನಿಂತ ಒಬ್ಬ ವೃದ್ಧರ ಜೀವನವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಡಾ. ಮುಹಮ್ಮದ್ ಮುಸದ್ದಿಕ್.

ಮುಸದ್ದಿಕ್ ಹುಟ್ಟಿದ್ದು 1882ರಲ್ಲಿ, ಟೆಹರಾನಿನಲ್ಲಿ. ತಂದೆ ಮಿರ್ಜಾ ಹಿದಾಯತುಲ್ಲಾ ಸರಕಾರದ ಹಣಕಾಸು ಅಧಿಕಾರಿ. ತಾಯಿ ನಜ್ಮುಸ್ಸಲ್ತನ ಕಾಜಾರ್ ರಾಜವಂಶದವರು. ಟೆಹರಾನಿನಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿಸಿ ವಕ್ಫ್ ಮಾಡಿದ ಉದಾರ ಮಹಿಳೆ ಅವರು. ತಂದೆ ತೀರಿಕೊಂಡ ಬಳಿಕ, ಇನ್ನೂ ಹದಿಹರೆಯದಲ್ಲಿರುವಾಗಲೇ, ಮುಸದ್ದಿಕ್ ಹೆಗಲಿಗೆ ಖುರಾಸಾನ್ ಪ್ರಾಂತದ ಲೆಕ್ಕಪತ್ರಗಳ ಹೊಣೆ ಬಿತ್ತು. ಮುಂದೆ ಅವರು ಪ್ಯಾರಿಸ್ ಮತ್ತು ಸ್ವಿಟ್ಜರ್‌ಲೆಂಡಿನಲ್ಲಿ ಕಲಿತು 1914ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು. ಅವರ ಪ್ರಬಂಧದ ವಿಷಯ ಇಸ್ಲಾಮೀ ಕಾನೂನಿನಲ್ಲಿ ವಸಿಯ್ಯತ್. ಒಬ್ಬನ ಸೊತ್ತು ಅವನ ಕಾಲಾನಂತರ ಯಾರಿಗೆ ಸೇರಬೇಕು, ಯಾರಿಗೆ ಸೇರಬಾರದು ಎಂಬ ಈ ಪ್ರಶ್ನೆ ಜೀವನದುದ್ದಕ್ಕೂ ಅವರನ್ನು ಬಿಡಲಿಲ್ಲ.

ಸಕ್ಕರೆ, ಚಹಾ ಮತ್ತು ರೈಲು

ರಿಜಾ ಖಾನ್ ಎಂಬ ಸೇನಾಧಿಕಾರಿ 1925ರಲ್ಲಿ ಸಿಂಹಾಸನವೇರಲು ಹೊರಟಾಗ, ಮಜ್ಲಿಸ್‌ನಲ್ಲಿ, ಅಂದರೆ ಇರಾನಿನ ಸಂಸತ್ತಿನಲ್ಲಿ, ಅದನ್ನು ಬಹಿರಂಗವಾಗಿ ವಿರೋಧಿಸಿದ ಕೆಲವೇ ಮಂದಿಯಲ್ಲಿ ಮುಸದ್ದಿಕ್ ಒಬ್ಬರು. ಎರಡು ವರ್ಷಗಳ ಬಳಿಕ ರೈಲುಮಾರ್ಗದ ಪ್ರಶ್ನೆ ಬಂತು. ಪರ್ಶಿಯನ್ ಕೊಲ್ಲಿಯಿಂದ ಕ್ಯಾಸ್ಪಿಯನ್ ಸಮುದ್ರದವರೆಗೆ ಸುಮಾರು 1,400 ಕಿಲೋಮೀಟರ್ ಉದ್ದದ ಮಾರ್ಗ ಅದು. ಅದರ ಹಣಕ್ಕಾಗಿ ಸಕ್ಕರೆ ಮತ್ತು ಚಹಾದ ಮೇಲೆ ತೆರಿಗೆ ಹಾಕಲಾಗಿತ್ತು. ದಕ್ಷಿಣದಿಂದ ಉತ್ತರಕ್ಕೆ ಹೋಗುವ ಈ ಹಾದಿಯಿಂದ ನಾಡಿನ ವ್ಯಾಪಾರಕ್ಕೆ ಲಾಭವಿಲ್ಲ, ಪರರ ಸೇನೆಗೆ ಮಾತ್ರ ಅನುಕೂಲ ಎಂಬುದು ಮುಸದ್ದಿಕ್ ಅವರ ವಾದ. ಅವರ ಮಾತು ನಡೆಯಲಿಲ್ಲ. 1938ರಲ್ಲಿ ಮಾರ್ಗ ಪೂರ್ಣಗೊಂಡಿತು.

ನಿಷ್ಠುರವಾದಿಗೆ ಬೆಲೆ ತೆರಬೇಕಾಗುತ್ತದೆ. ಹಲವು ವರ್ಷ ರಾಜಕೀಯದಿಂದ ದೂರವಿದ್ದರೂ 1940ರಲ್ಲಿ ಅವರನ್ನು ಬಂಧಿಸಿ ದೂರದ ಬೀರ್ಜಂದಿನ ಸೆರೆಮನೆಗೆ ಒಯ್ಯಲಾಯಿತು. ತಂದೆಯನ್ನು ಎಳೆದೊಯ್ದ ಆಘಾತದಿಂದ ಹದಿಹರೆಯದ ಕಿರಿಯ ಮಗಳ ಮನಸ್ಸಿನ ಸಮತೋಲನವೇ ತಪ್ಪಿತು. ಆಕೆ ಮತ್ತೆಂದೂ ಪೂರ್ಣ ಗುಣಮುಖಳಾಗಲಿಲ್ಲ. ಓದುಗರೇ, ಸತ್ಯಕ್ಕಾಗಿ ತಾನು ಕಷ್ಟ ಸಹಿಸುವುದು ಒಂದು ಮಾತು. ತನ್ನ ಸತ್ಯಕ್ಕಾಗಿ ಮಗಳು ನರಳುವುದನ್ನು ನೋಡುವುದು ಬೇರೆಯೇ ಮಾತು. ಹೆಣ್ಣುಮಕ್ಕಳ ತಂದೆಯಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೊಟ್ಟಿಗಾಗಿ ಹಾಹಾಕಾರ

1941ರ ಆಗಸ್ಟ್ 25ರಂದು ಬ್ರಿಟಿಷ್ ಸೇನೆ ದಕ್ಷಿಣ ಮತ್ತು ಪಶ್ಚಿಮದಿಂದಲೂ ಸೋವಿಯತ್ ಸೇನೆ ಉತ್ತರದಿಂದಲೂ ಇರಾನಿನೊಳಗೆ ನುಗ್ಗಿದವು. ಬ್ರಿಟಿಷರ ಆ ಸೇನೆಯಲ್ಲಿ ಅವಿಭಜಿತ ಭಾರತದ ಸಿಪಾಯಿಗಳೂ ಇದ್ದರು. ಇರಾನ್ ಯುದ್ಧದಲ್ಲಿ ಯಾರ ಪಕ್ಷವನ್ನೂ ವಹಿಸಿರಲಿಲ್ಲ. ಆದರೆ ಅಲ್ಲಿ ತೈಲವಿತ್ತು, ರಷ್ಯಾಕ್ಕೆ ಯುದ್ಧ ಸಾಮಗ್ರಿ ಸಾಗಿಸಲು ರೈಲುಮಾರ್ಗವಿತ್ತು. ಸೆಪ್ಟೆಂಬರ್ 16ರಂದು ರಿಜಾ ಶಾ ಸಿಂಹಾಸನ ಬಿಟ್ಟಿಳಿದರು. ಮಗ ಮುಹಮ್ಮದ್ ರಿಜಾ ಶಾ ಆದರು. ಮುಸದ್ದಿಕ್ ಗೃಹಬಂಧನದಿಂದ ಬಿಡುಗಡೆ ಹೊಂದಿದರು.

ಬಡವರ ಚಹಾ ಸಕ್ಕರೆಯ ತೆರಿಗೆಯಿಂದ ಕಟ್ಟಿದ ರೈಲು ಈಗ ಯಾರ ಸೇವೆಗೆ ನಿಂತಿತು ನೋಡಿ! ಗಾಡಿಗಳು, ಲಾರಿಗಳು, ರಸ್ತೆಗಳು ಎಲ್ಲವೂ ಪರಸೇನೆಗಳ ಸಾಗಾಟಕ್ಕೆ ಮೀಸಲಾದವು. ಧಾನ್ಯ ಬೆಳೆದ ಊರಿನಿಂದ ಹಸಿದ ಊರಿಗೆ ಅದನ್ನು ತರುವ ವಾಹನವಿರಲಿಲ್ಲ.

ಹಣದ ವಿಷಯವನ್ನೂ ಸ್ವಲ್ಪ ತಿಳಿದುಕೊಳ್ಳಿ. ಆಕ್ರಮಣಕ್ಕೆ ಮೊದಲು ಒಂದು ಬ್ರಿಟಿಷ್ ಪೌಂಡಿಗೆ ಸುಮಾರು 68 ರಿಯಾಲ್ ದರವಿತ್ತು. ಬಳಿಕ ಅದನ್ನು 140 ರಿಯಾಲಿಗೆ ಏರಿಸಲಾಯಿತು. ಅಂದರೆ ಪರಸೇನೆಗೆ ಅದೇ ಒಂದು ಪೌಂಡಿನಲ್ಲಿ ಎರಡು ಪಟ್ಟು ಗೋಧಿ, ಎರಡು ಪಟ್ಟು ಕೂಲಿ ಸಿಗತೊಡಗಿತು. ಅವರ ಖರ್ಚಿಗೆ ಬೇಕಾದ ರಿಯಾಲ್ ಒದಗಿಸಲು ಸರಕಾರ ಹೊಸ ನೋಟುಗಳನ್ನು ಮುದ್ರಿಸಿತು. ನೋಟು ಹೆಚ್ಚಿತು, ಸರಕು ಹೆಚ್ಚಲಿಲ್ಲ. ಬೆಲೆಗಳು ಹಲವು ಪಟ್ಟು ಏರಿದವು. ಇದನ್ನು ಕಂಡ ಜಮೀನುದಾರರೂ ವ್ಯಾಪಾರಿಗಳೂ ಧಾನ್ಯವನ್ನು ಉಗ್ರಾಣದಲ್ಲಿ ಬಚ್ಚಿಟ್ಟರು. ಹೊರಗಿನವರು ಗಳ ಹಿರಿದರೆ ಒಳಗಿನವರು ಹೆಂಚು ಕಳಚಿದರು.

1942ರ ಡಿಸೆಂಬರಿನಲ್ಲಿ ಟೆಹರಾನಿನ ಜನ ರೊಟ್ಟಿ ಬೇಡುತ್ತಾ ಮಜ್ಲಿಸ್ ಭವನದ ಮುಂದೆ ನೆರೆದರು. ಅಂಗಡಿಗಳು ಲೂಟಿಯಾದವು. ಪ್ರಧಾನಿ ಕವಾಮ್ ಅವರ ಮನೆಗೆ ಬೆಂಕಿ ಬಿತ್ತು. ಸೈನಿಕರ ಗುಂಡಿಗೆ ಜನ ಪ್ರಾಣ ತೆತ್ತರು. ಹಸಿವೆಯ ಬೆನ್ನಿಗೇ ಟೈಫಸ್ ಜ್ವರ ಬಂತು. ಹಣಕಾಸು ಸರಿಪಡಿಸಲು ಕರೆತಂದ ಅಮೆರಿಕದ ಸಲಹೆಗಾರ ಮಿಲ್ಸ್‌ಪಾ ಅವರಿಗೆ 1943ರಲ್ಲಿ ವ್ಯಾಪಕ ಅಧಿಕಾರ ಕೊಡಲಾಯಿತು. ಬೆಲೆಗಳು ಹತೋಟಿಗೆ ಬರಲಿಲ್ಲ.

ಯಾರಿಗೂ ಇಲ್ಲ ಎಂಬ ಕಾನೂನು

ಇಂತಹ ಸ್ಥಿತಿಯಲ್ಲಿ ನಡೆದ ಚುನಾವಣೆಯಲ್ಲಿ ಟೆಹರಾನಿನ ಜನ ಮುಸದ್ದಿಕ್‌ಗೆ ಎಲ್ಲರಿಗಿಂತ ಹೆಚ್ಚು ಮತ ಕೊಟ್ಟು ಮಜ್ಲಿಸ್‌ಗೆ ಕಳುಹಿಸಿದರು. ಮಿಲ್ಸ್‌ಪಾ ಅವರ ಅಧಿಕಾರವನ್ನು ಅವರು ವಿರೋಧಿಸಿದರು. ನಾಡಿನ ಬೊಕ್ಕಸದ ಕೀಲಿ ಪರರ ಕೈಯಲ್ಲಿರಬಾರದೆಂಬುದು ಅವರ ನಿಲುವಾಗಿತ್ತು.

ಆಗಲೇ ತೈಲದ ಪೈಪೋಟಿ ಶುರುವಾಯಿತು. ಬ್ರಿಟಿಷ್ ಮತ್ತು ಅಮೆರಿಕನ್ ಕಂಪೆನಿಗಳು ಹೊಸ ತೈಲಪ್ರದೇಶ ಕೇಳಿದವು. 1944ರ ಶರತ್ಕಾಲದಲ್ಲಿ ಸೋವಿಯತ್ ನಿಯೋಗವೂ ಬಂದು ಉತ್ತರದ ತೈಲ ತನಗೆ ಬೇಕೆಂದಿತು. ಒಬ್ಬರಿಗೆ ಕೊಟ್ಟು ಇನ್ನೊಬ್ಬರ ಸಿಟ್ಟಿನಿಂದ ಪಾರಾಗೋಣ ಎಂದವರಿದ್ದರು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಟ್ಟು ತಕ್ಕಡಿ ಸರಿದೂಗಿಸೋಣ ಎಂದವರೂ ಇದ್ದರು. ಮುಸದ್ದಿಕ್ ಯಾರಿಗೂ ಕೊಡಬಾರದೆಂದರು. ಒಂದು ಕೈ ಕಳೆದುಕೊಂಡವನು ಸರಿದೂಗಲೆಂದು ಇನ್ನೊಂದನ್ನೂ ಕಡಿಸಿಕೊಳ್ಳುತ್ತಾನೆಯೇ?

1944ರ ಡಿಸೆಂಬರ್ 2ರಂದು ಅವರು ಮಂಡಿಸಿದ ಮಸೂದೆ ಅದೇ ದಿನ ಅಂಗೀಕಾರವಾಯಿತು. ಯಾವ ಮಂತ್ರಿಯೂ ಪರದೇಶದವರೊಂದಿಗೆ ತೈಲದ ಹಕ್ಕು ಕೊಡುವ ಮಾತುಕತೆ ನಡೆಸಬಾರದು. ನಡೆಸಿದರೆ 3ರಿಂದ 8 ವರ್ಷ ಸೆರೆವಾಸ. ನೆನಪಿಡಿ, ಆಗ ಟೆಹರಾನಿನ ಬೀದಿಯಲ್ಲಿ ಪರಸೈನಿಕರು ತಿರುಗಾಡುತ್ತಿದ್ದರು. ಬ್ರಿಟಿಷರ ಹಳೆಯ ಕಂಪೆನಿಯನ್ನು ಮಾತ್ರ ಮುಟ್ಟಲಿಲ್ಲವೇಕೆ ಎಂದು ಕೆಲವರು ಮುಸದ್ದಿಕ್‌ರನ್ನು ದೂಷಿಸಿದರು. ಅವರು ಅದಕ್ಕೂ ಸಮಯ ಬರಲೆಂದು ತಾಳಿಕೊಂಡರು.

ಯುದ್ಧ ಮುಗಿದ ಮೇಲೂ ಹೊರಡದಿದ್ದ ಸೋವಿಯತ್ ಸೇನೆ 1946ರ ಮೇ ತಿಂಗಳಲ್ಲಿ ಹಿಂದೆ ಸರಿಯಿತು. ಅದಕ್ಕೆ ಕೊಟ್ಟಿದ್ದ ತೈಲದ ಭರವಸೆಯನ್ನು 1947ರ ಅಕ್ಟೋಬರಿನಲ್ಲಿ ಮಜ್ಲಿಸ್ ತಿರಸ್ಕರಿಸಿತು. ಅದಕ್ಕೆ ಆಧಾರವಾದದ್ದು ಮುಸದ್ದಿಕ್‌ರ ಅದೇ ಕಾನೂನು. 1951ರಲ್ಲಿ ಹಳೆಯ ಬ್ರಿಟಿಷ್ ಕಂಪೆನಿಯ ಸರದಿಯೂ ಬಂತು. ತೈಲ ರಾಷ್ಟ್ರೀಕರಣವಾಯಿತು, ಮುಸದ್ದಿಕ್ ಪ್ರಧಾನಿಯಾದರು. ಅವರು ಸಂಬಳ ಪಡೆಯಲಿಲ್ಲ. ತನ್ನನ್ನು ನಿಂದಿಸುವ ಪತ್ರಿಕೆಗಳ ಮೇಲೆ ಮೊಕದ್ದಮೆ ಹೂಡಬಾರದೆಂದು ಪೊಲೀಸರಿಗೆ ಆದೇಶಿಸಿದರು.

ಅವರೂ ಮನುಷ್ಯರೇ. 1953ರಲ್ಲಿ ಮಜ್ಲಿಸ್ ವಿಸರ್ಜನೆಗಾಗಿ ನಡೆಸಿದ ಜನಮತದಲ್ಲಿ ಪರ ಮತ್ತು ವಿರೋಧದ ಮತಗಳಿಗೆ ಬೇರೆ ಬೇರೆ ಸ್ಥಳ ಇಟ್ಟದ್ದು ನ್ಯಾಯವಾಗಿರಲಿಲ್ಲ. ಅದೇ ಆಗಸ್ಟ್ 19ರಂದು ಅಮೆರಿಕ ಮತ್ತು ಬ್ರಿಟನ್‌ಗಳ ಸಂಚಿನಿಂದ ಅವರ ಸರಕಾರ ಉರುಳಿತು. ಮೂರು ವರ್ಷ ಸೆರೆ, ಬಳಿಕ ಅಹ್ಮದಾಬಾದ್ ಎಂಬ ತನ್ನ ಹಳ್ಳಿಯಲ್ಲೇ ಕೊನೆಯವರೆಗೆ ಬಂಧನ. 1967ರ ಮಾರ್ಚ್ 5ರಂದು ಅವರು ಕೊನೆಯುಸಿರೆಳೆದರು. ತನ್ನ ಚಳವಳಿಯಲ್ಲಿ ಪ್ರಾಣ ತೆತ್ತವರ ಪಕ್ಕದಲ್ಲಿ ದಫನ ಮಾಡಬೇಕೆಂಬುದು ಅವರ ವಸಿಯ್ಯತ್ ಆಗಿತ್ತು. ಸರಕಾರ ಒಪ್ಪಲಿಲ್ಲ. ವಸಿಯ್ಯತ್‌ನ ಮೇಲೆ ಡಾಕ್ಟರೇಟ್ ಪಡೆದ ವ್ಯಕ್ತಿಯ ವಸಿಯ್ಯತ್ ನಡೆಯಲಿಲ್ಲ! ಆ ಹಳ್ಳಿಮನೆಯ ಒಂದು ಕೋಣೆಯಲ್ಲೇ ಅವರನ್ನು ದಫನ ಮಾಡಲಾಯಿತು.

ಓದುಗರೇ, ನಿಮ್ಮ ಕೈಯಲ್ಲಿ ಒಂದು ನಾಡಿನ ತೈಲ ಇರಲಾರದು. ಆದರೆ ಮೊಹಲ್ಲಾದ ಮಸೀದಿಯ ಲೆಕ್ಕಪುಸ್ತಕ ಇರಬಹುದು. ತಂದೆಯಿಲ್ಲದ ತಮ್ಮನ ಮಕ್ಕಳ ಪಾಲಿನ ಜಮೀನು ಇರಬಹುದು. ಬರಗಾಲದ ವರ್ಷ ಅಂಗಡಿಯ ಹಿಂದೆ ಪೇರಿಸಿಟ್ಟ ಅಕ್ಕಿಮೂಟೆಗಳಿರಬಹುದು. ಮನೆ ಸುಭದ್ರವಾಗಿರುವಾಗ ಅಮಾನತ್ ಕಾಯುವುದು ಸುಲಭ. ಮನೆ ಉರಿಯುತ್ತಿರುವಾಗ, ಎಲ್ಲರೂ ಗಳ ಹಿರಿಯುತ್ತಿರುವಾಗ, ನಾನೊಬ್ಬ ಹಿರಿದರೆ ಏನಾಯಿತು ಎಂದು ಮನಸ್ಸು ಪಿಸುಗುಟ್ಟುತ್ತದೆ. ಆ ಗಳಿಗೆಯಲ್ಲಿ ನಿಮ್ಮ ಕೈ ಎಲ್ಲಿರುತ್ತದೆ? ಇಂದೇ ಯೋಚಿಸಿಟ್ಟುಕೊಳ್ಳಿ.