ಸಿದ್ದೀಕ್ ದೀನ್‌ದಾರ್: ಬಯಲಲ್ಲಿ ಹುಟ್ಟಿ ಗುಟ್ಟಿಗೆ ಜಾರಿದ ಅಂಜುಮನ್

ದೀನ್‌ದಾರ್ ಅಂಜುಮನ್ ಅಂದ ಕೂಡಲೇ ನಮಗೆ ನೆನಪಾಗುವುದು 2000ನೇ ಇಸವಿಯ ಚರ್ಚ್ ಸ್ಫೋಟಗಳು. ಅದನ್ನು ಕಟ್ಟಿದವರು ತೀರಿಹೋಗಿ ಆ ಹೊತ್ತಿಗೆ 48 ವರ್ಷ ಆಗಿತ್ತು. ಅವರು ಯಾರೆಂದು ನಮ್ಮಲ್ಲಿ ಗೊತ್ತಿರುವವರು ಕಡಿಮೆ.

ಸಿದ್ದೀಕ್ ಹುಸೇನ್ ಹುಟ್ಟಿದ್ದು 1886ರಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಸೀಮೆಯ ಬಾಲಂಪೇಟೆಯಲ್ಲಿ. ಸೂಫಿಗಳೂ ಶರಣರೂ ನಡೆದಾಡಿದ ನೆಲ ಅದು. ಮೊದಲಿಗೆ ಅವರು ಅಹ್ಮದಿಯಾ ಪಂಥದ ಪ್ರಭಾವಕ್ಕೆ ಒಳಗಾದರು. ಆಮೇಲೆ ತಮ್ಮದೇ ದಾರಿ ಹಿಡಿದು 1924ರಲ್ಲಿ ದೀನ್‌ದಾರ್ ಅಂಜುಮನ್ ಸ್ಥಾಪಿಸಿದರು.

ಬಸವಣ್ಣನವರ ಸೋದರಳಿಯ, 12ನೇ ಶತಮಾನದ ಶರಣ ಚನ್ನಬಸವಣ್ಣನವರ ಅವತಾರ ತಾನೇ ಎಂದು ಅವರು ಸಾರಿದರು. ಸಿದ್ದೀಕ್ ದೀನ್‌ದಾರ್ ಚನ್ನಬಸವೇಶ್ವರ ಎಂದು ಕರೆಸಿಕೊಂಡರು. ಪ್ರವಾದಿ(ಸ)ಯವರನ್ನು ಜಗದ್ಗುರು ಎಂದು ಪರಿಚಯಿಸಿ ಪುಸ್ತಕ ಬರೆದರು. ಲಿಂಗಾಯತರನ್ನು ದೀನಿನ ಕಡೆಗೆ ಕರೆಯುವುದು ಅವರ ಉದ್ದೇಶ. ಲಿಂಗಾಯತರಿಗೆ ಈ ಮಾತು ಹಿಡಿಸಲಿಲ್ಲ. ಅವತಾರ ಎಂಬುದು ನಮ್ಮ ಅಕೀದಾಕ್ಕೆ ಹೊಂದುವುದೇ ಇಲ್ಲ, ಹಾಗಾಗಿ ಉಲಮಾಗಳೂ ಅವರನ್ನು ಒಪ್ಪಲಿಲ್ಲ. ಆದರೆ ಒಂದುಂಟು: ಅವರು ಹೇಳಿದ್ದನ್ನೆಲ್ಲ ಬಹಿರಂಗವಾಗಿಯೇ ಹೇಳಿದರು. ಹಾಗಾಗಿ ಪ್ರಶ್ನೆ ಕೇಳಲಿಕ್ಕೂ ಜನರಿಗೆ ದಾರಿ ಇತ್ತು.

1952ರಲ್ಲಿ ಅವರು ತೀರಿಹೋದರು. ಹೈದರಾಬಾದಿನ ಆಸಿಫ್ ನಗರ ಅನುಯಾಯಿಗಳ ಕೇಂದ್ರವಾಗಿ ಉಳಿಯಿತು. ಅಲ್ಲಿ ಸರ್ವಧರ್ಮ ಸಮ್ಮೇಳನಗಳು ನಡೆಯುತ್ತಿದ್ದವು. ಹೊರಗಿನವರಿಗೆ ಕಂಡದ್ದು ಅಷ್ಟೇ.

2000ದ ಮೇ ತಿಂಗಳಿಂದ ಜುಲೈವರೆಗೆ ಆಂಧ್ರ, ಕರ್ನಾಟಕ, ಗೋವಾದ ಚರ್ಚ್‌ಗಳಲ್ಲಿ ಬಾಂಬ್ ಸಿಡಿದವು. ನಮ್ಮ ರಾಜ್ಯದಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರು. ಯಾರ ಕೈವಾಡವೆಂದು ತಿಳಿಯದೆ ಜನ ಒಬ್ಬರನ್ನೊಬ್ಬರು ಸಂಶಯಿಸತೊಡಗಿದರು. ಜುಲೈ 9ರಂದು ಬೆಂಗಳೂರಿನ ಜೆ.ಜೆ. ನಗರದ ಚರ್ಚ್‌ನಲ್ಲಿ ಸ್ಫೋಟವಾದ ಹೊತ್ತಿಗೇ ಮಾಗಡಿ ರಸ್ತೆಯಲ್ಲಿ ಒಂದು ವ್ಯಾನ್ ಕೂಡ ಸಿಡಿದು ಒಳಗಿದ್ದ ಇಬ್ಬರು ಸತ್ತರು. ಗುಟ್ಟು ರಟ್ಟಾದದ್ದು ಅಲ್ಲಿಂದ. ಅಂಜುಮನ್‌ನ ಹಿರಿಯರು ತಮಗೆ ಸಂಬಂಧವಿಲ್ಲ ಎಂದರು. 2001ರಲ್ಲಿ ಕೇಂದ್ರ ಸರಕಾರ ಸಂಘಟನೆಯನ್ನು ನಿಷೇಧಿಸಿತು. 2008ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಮಂದಿಗೆ ಶಿಕ್ಷೆ ವಿಧಿಸಿತು.

ಕೆಲವೇ ಮಂದಿ ಮುಚ್ಚಿದ ಬಾಗಿಲ ಹಿಂದೆ ಮಾಡಿದ ಕೆಲಸಕ್ಕೆ, ಏನೂ ಅರಿಯದ ಅನುಯಾಯಿಗಳೂ ಅಂಜುಮನ್ ಹೆಸರೇ ಕೇಳದ ಮುಸ್ಲಿಮರೂ ಸಂಶಯದ ಕಣ್ಣಿಗೆ ಬಿದ್ದರು.

ಇಂದು ನಮ್ಮ ಎಷ್ಟೋ ಮಕ್ಕಳು ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದಲ್ಲಿ ರೂಮ್ ಮಾಡಿಕೊಂಡು ಓದುತ್ತಾರೆ, ದುಡಿಯುತ್ತಾರೆ. ಹೊಸ ಊರಲ್ಲಿ ದೀನಿನ ಹೆಸರು ಹೇಳಿ ಹತ್ತಿರ ಬರುವವರು ಒಳ್ಳೆಯವರೇ ಇರಬಹುದು. ಆದರೂ ಮನೆಯವರಿಗೆ ಹೇಳಬೇಡ, ಉಸ್ತಾದರಲ್ಲಿ ಕೇಳಬೇಡ ಎನ್ನುವ ದೀನ್ ನಮ್ಮದಲ್ಲ. ಫೋನ್ ಮಾಡಿದಾಗ ಊಟ ಆಯಿತಾ ಎಂದು ಕೇಳುವ ಹಾಗೆ, ಯಾರ ಕ್ಲಾಸಿಗೆ ಹೋಗುತ್ತಿದ್ದೀ ಎಂದೂ ಕೇಳೋಣ.