ಜಾನ್ ಸ್ನೋ: ರೋಗಿಯ ಉಸಿರಿನಲ್ಲಿ ಮರಳಿ ಬರುವ ಅರಿವಳಿಕೆ

ಕಾಲರಾ ನೀರಿನಿಂದ ಹರಡುತ್ತದೆ ಎಂದು 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಉದಾಹರಣೆಯಿಂದ ತೋರಿಸಿದ ವೈದ್ಯ ಜಾನ್ ಸ್ನೋ ಹೆಸರನ್ನು ನೀವು ಕೇಳಿರಬಹುದು. ಆದರೆ ಅವರ ದಿನನಿತ್ಯದ ಕೆಲಸ ಬೇರೆಯೇ ಆಗಿತ್ತು. ಆಪರೇಷನ್ ವೇಳೆ ರೋಗಿಗಳಿಗೆ ಅರಿವಳಿಕೆ, ಅಂದರೆ ಅನಸ್ತೇಷಿಯಾ ಕೊಡುವುದೇ ಅವರ ವೃತ್ತಿ.

ಸ್ನೋ ಹುಟ್ಟಿದ್ದು 1813ರಲ್ಲಿ, ಇಂಗ್ಲೆಂಡಿನ ಯಾರ್ಕ್ ನಗರದ ಕೂಲಿ ಕಾರ್ಮಿಕರೊಬ್ಬರ ಮನೆಯಲ್ಲಿ. 14ನೇ ವಯಸ್ಸಿಗೇ ನ್ಯೂಕಾಸಲ್‌ನ ಶಸ್ತ್ರವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. 1846ರ ಕೊನೆಯಲ್ಲಿ ಈಥರ್ ಅರಿವಳಿಕೆ ಲಂಡನ್ ತಲುಪಿತು. ಕೋಣೆಯ ಉಷ್ಣತೆ ಬದಲಾದಂತೆ ಈಥರ್ ಆವಿಯ ಪ್ರಮಾಣವೂ ಬದಲಾಗುತ್ತದೆ ಎಂಬುದನ್ನು ಗಮನಿಸಿದ ಸ್ನೋ, ಅದನ್ನು ಹದದಲ್ಲಿಡುವ ಇನ್‌ಹೇಲರ್ ರೂಪಿಸಿದರು. ಮುಂದೆ ಕ್ಲೋರೋಫಾರ್ಮ್ ಬಂತು. 1853 ಮತ್ತು 1857ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗಳಲ್ಲಿ ಅದನ್ನು ಕೊಟ್ಟವರೂ ಅವರೇ.

ಹೊಸ ಆವಿಗಳನ್ನು ಸ್ನೋ ತಮ್ಮ ಮೇಲೂ ಪ್ರಯೋಗಿಸಿಕೊಳ್ಳುತ್ತಿದ್ದರು. ಒಂದು ಪ್ರಯೋಗದಲ್ಲಿ, ತಾವು ಹೊರಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದು, ಉಳಿದದ್ದನ್ನು ಮತ್ತೆ ಒಳಗೆಳೆದುಕೊಂಡರು. ಮಂಪರು ಹೆಚ್ಚು ಹೊತ್ತು ಉಳಿಯಿತು. ಒಳಗೆ ಹೋದ ಔಷಧ ಬಹುಪಾಲು ಹಾಗೆಯೇ ಉಸಿರಿನೊಂದಿಗೆ ಹೊರಬರುತ್ತದೆ ಎಂಬುದು ಇದರಿಂದ ತಿಳಿಯಿತು. ಹೊರಬಂದದ್ದು ಪಕ್ಕದಲ್ಲಿ ನಿಂತವರ ಮೂಗಿಗೂ ಹೋಗುತ್ತದೆ!

ಸ್ನೋ 1858ರಲ್ಲಿ, ಕ್ಲೋರೋಫಾರ್ಮ್ ಕುರಿತ ಪುಸ್ತಕ ಬರೆಯುತ್ತಿದ್ದಾಗ ಪಾರ್ಶ್ವವಾಯುವಿಗೆ ತುತ್ತಾಗಿ 45ನೇ ವಯಸ್ಸಿಗೇ ತೀರಿಕೊಂಡರು. ಅವರಿಗೆ ಮೂತ್ರಪಿಂಡದ ಕಾಯಿಲೆಯೂ ಇತ್ತು. ವರ್ಷಗಟ್ಟಲೆ ಆವಿ ಉಸಿರಾಡಿದ್ದೂ ಅದಕ್ಕೆ ಒಂದು ಕಾರಣವೇ ಎಂದು ಕೆಲವು ವೈದ್ಯರು ನಂತರ ಶಂಕಿಸಿದ್ದಾರೆ. ಆದರೆ ಅದು ಸಾಬೀತಾಗಿಲ್ಲ.

ಆಪರೇಷನ್ ಥಿಯೇಟರ್ ಸಿಬ್ಬಂದಿಯ ಆರೋಗ್ಯದತ್ತ ಗಂಭೀರ ಗಮನ ಹರಿದದ್ದು 1967ರ ನಂತರ. ಸೋವಿಯತ್ ಒಕ್ಕೂಟದ ಅರಿವಳಿಕೆ ವೈದ್ಯರಲ್ಲಿ ತಲೆನೋವು, ಆಯಾಸ ಮತ್ತು ಗರ್ಭಪಾತಗಳು ಹೆಚ್ಚೆಂದು ವರದಿಯೊಂದು ಆಗ ಹೇಳಿತು. ಅನಿಲವನ್ನು ಹೊರಹಾಕುವ ವ್ಯವಸ್ಥೆ ಇಲ್ಲದ ಕೋಣೆಗಳ ಕಾಲ ಅದು. ನೈಟ್ರಸ್ ಆಕ್ಸೈಡ್ ದೇಹದಲ್ಲಿ ವಿಟಮಿನ್ ಬಿ12 ಕೆಲಸವನ್ನು ತಡೆಯುತ್ತದೆ ಎಂಬುದೂ ಗೊತ್ತಾಗಿದೆ. 1977ರಲ್ಲಿ ಅಮೆರಿಕದ ನಯಾಶ್ ಸಂಸ್ಥೆ ಕೋಣೆಯ ಗಾಳಿಯಲ್ಲಿ ನೈಟ್ರಸ್ ಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 25 ಭಾಗ ಮೀರಬಾರದೆಂದು ಸಲಹೆ ಮಾಡಿತು. ಇಂದು ಉಳಿದ ಅನಿಲವನ್ನು ಹೀರಿ ಹೊರಗೆ ಸಾಗಿಸುವ ಸ್ಕ್ಯಾವೆಂಜಿಂಗ್ ವ್ಯವಸ್ಥೆ, ಸರಿಯಾಗಿ ಕೂರುವ ಮಾಸ್ಕ್ ಮತ್ತು ಗಾಳಿ ಬದಲಾವಣೆಯಿಂದ ಈ ಅಪಾಯ ಬಹಳ ಕಡಿಮೆಯಾಗಿದೆ.

ನಿಮಗೆ ತಿಳಿದಿರಲಿ:

• ಆಪರೇಷನ್ ನಂತರ ರೋಗಿಯ ಪಕ್ಕ ಸ್ವಲ್ಪ ಹೊತ್ತು ಕೂರಲು ಹೆದರಬೇಕಿಲ್ಲ. ಕಾಳಜಿ ಇರುವುದು ದಿನವೂ, ಗಂಟೆಗಟ್ಟಲೆ ಅಲ್ಲಿ ಕೆಲಸ ಮಾಡುವವರ ಬಗ್ಗೆ.
• ರೋಗಿ ಎಚ್ಚರಗೊಳ್ಳುವ ರಿಕವರಿ ಕೋಣೆಗೂ ಒಳ್ಳೆಯ ಗಾಳಿಯಾಡುವಿಕೆ ಬೇಕು. ಅಲ್ಲಿನ ನರ್ಸ್‌ಗಳು ರೋಗಿಯ ಉಸಿರಿಗೆ ತೀರಾ ಹತ್ತಿರ ಇರುತ್ತಾರೆ.
• ನಿಮ್ಮ ಮನೆಯವರು ಥಿಯೇಟರ್‌ನಲ್ಲಿ ಕೆಲಸ ಮಾಡುತ್ತಿದ್ದು ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ, ಮೇಲಧಿಕಾರಿಗೂ ವೈದ್ಯರಿಗೂ ಬೇಗ ತಿಳಿಸಲಿ.
• ಕೆಲಸದ ದಿನಗಳಲ್ಲೇ ತಲೆನೋವು, ವಾಕರಿಕೆ, ತಲೆಸುತ್ತು ಬಂದು ರಜೆಯಲ್ಲಿ ಕಡಿಮೆಯಾದರೆ, ಅನಿಲ ಸೋರಿಕೆ ಇದೆಯೇ ಎಂದು ಪರೀಕ್ಷಿಸುವಂತೆ ಕೇಳಬೇಕು.