ಎವರೆಸ್ಟ್ ಏರಿದ ಹಮಾಲಿ ತೇನ್‌ಸಿಂಗ್



ಈ ಸಲದ ಗೋಡೆ ಪತ್ರಿಕೆಗೆ ಮಹನೀಯರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ಕವಿಗಳು, ರಾಜರು, ವಿಜ್ಞಾನಿಗಳು ಹಿಂದಿನ ಸಂಚಿಕೆಗಳಲ್ಲಿ ಬಂದುಹೋಗಿದ್ದಾರೆ. ಅದಕ್ಕೇ ನಾನು ಈ ಸಲ ಒಬ್ಬ ಹಮಾಲಿಯನ್ನು ಆರಿಸಿಕೊಂಡಿದ್ದೇನೆ. ಬೇರೆಯವರ ಸಾಮಾನನ್ನು ಬೆನ್ನ ಮೇಲೆ ಹೊತ್ತು ಹೊಟ್ಟೆ ಹೊರೆಯುತ್ತಿದ್ದ ಅವರು ಮುಂದೆ ಪ್ರಪಂಚದ ಅತಿ ಎತ್ತರದ ಜಾಗದಲ್ಲಿ ನಿಂತ ಮೊದಲ ಇಬ್ಬರಲ್ಲಿ ಒಬ್ಬರಾದರು. ಅವರೇ ತೇನ್‌ಸಿಂಗ್ ನೋರ್ಗೆ.

ಇವರನ್ನೇ ಯಾಕೆ ಆರಿಸಿದೆ ಅಂತ ಹೇಳುತ್ತೇನೆ. ನಮ್ಮ ಕಡೆ ಗುಡ್ಡ ಹತ್ತುವುದು ಯಾರಿಗೂ ಹೊಸದಲ್ಲ. ಶಾಲೆಗೆ ಬರಬೇಕಾದರೆ ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕು. ಕೊಯ್ಲಿನ ಕಾಲದಲ್ಲಿ ನಮ್ಮಮ್ಮ ಕಾಫಿ ಹಣ್ಣಿನ ಮೂಟೆಯನ್ನು ತಲೆ ಮೇಲೆ ಇಟ್ಟುಕೊಂಡು ತೋಟದ ಕೆಳಗಿನಿಂದ ರಸ್ತೆಗೆ ಹತ್ತಿ ಬರುತ್ತಾಳೆ. ರಜಾ ದಿನ ಬಂತೆಂದರೆ ಊರ ಕಡೆಯಿಂದ ಜನ ಕಾರು, ಜೀಪು ಮಾಡಿಕೊಂಡು ಮುಳ್ಳಯ್ಯನಗಿರಿಗೆ, ಎತ್ತಿನಭುಜಕ್ಕೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಕುದುರೆಮುಖದ ತುದಿಗೆ ಹೋಗುತ್ತಾರೆ. ಅವರನ್ನು ನೋಡಿ ನಮ್ಮ ಲೈನ್ ಮನೆಗಳಲ್ಲಿ ನಗುವವರೇ ಹೆಚ್ಚು. ದುಡ್ಡು ಕೊಟ್ಟು ಗುಡ್ಡ ಹತ್ತಬೇಕಾ, ಅದರಲ್ಲಿ ಏನು ಸಿಗುತ್ತೆ ಅಂತ ಎಲ್ಲರದೂ ಒಂದೇ ಪ್ರಶ್ನೆ. ತೇನ್‌ಸಿಂಗ್ ಅವರ ಜೀವನ ಓದಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಯಾಕೆಂದರೆ ಅವರು ಎರಡು ಕಡೆಯವರೂ ಹೌದು. ಹೊರೆ ಹೊತ್ತು ಹತ್ತಿದವರೂ ಅವರೇ, ಹತ್ತಬೇಕೆಂಬ ಆಸೆಯಿಂದ ಹತ್ತಿದವರೂ ಅವರೇ.

ತೇನ್‌ಸಿಂಗ್ ಹುಟ್ಟಿದ್ದು 1914ರಲ್ಲಿ. ತಂದೆ ತಾಯಿ ಶೆರ್ಪಾ ಜನಾಂಗದವರು, ಯಾಕ್ ಅನ್ನುವ ಉದ್ದ ಕೂದಲಿನ ದನ ಸಾಕುವವರು. ಹದಿಮೂರು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ಅವರಲ್ಲಿ ಎಷ್ಟೋ ಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡವು. ಮೊದಲು ಇಟ್ಟ ಹೆಸರು ನಮ್‌ಗ್ಯಾಲ್ ವಾಂಗ್ಡಿ. ಒಬ್ಬ ಹಿರಿಯ ಲಾಮಾ ಗುರುಗಳು ಆ ಹೆಸರು ಬದಲಾಯಿಸಿ ತೇನ್‌ಸಿಂಗ್ ನೋರ್ಗೆ ಎಂದು ಇಟ್ಟರು. ನೇಪಾಳದ ಥಾಮೆ ಎಂಬ ಹಳ್ಳಿಯಲ್ಲಿ ಯಾಕ್ ಮೇಯಿಸುತ್ತಾ ಬೆಳೆದರು. ಆ ಹಳ್ಳಿಯಲ್ಲಿ ಶಾಲೆ ಇರಲಿಲ್ಲ. ಮಠಕ್ಕೆ ಕಳಿಸಿದರೆ ಅಲ್ಲಿ ಪೆಟ್ಟು ಬಿತ್ತೆಂದು ಓಡಿ ಬಂದರು. ಹೀಗಾಗಿ ಅವರು ಓದು ಬರಹ ಕಲಿಯಲೇ ಇಲ್ಲ. ಆದರೆ ಕೇಳಿ ಕೇಳಿಯೇ ಹಲವು ಭಾಷೆ ಮಾತಾಡಲು ಕಲಿತಿದ್ದರು.

ಯಾಕ್ ಮೇಯಿಸುವಾಗ ದೂರದಲ್ಲಿ ಒಂದು ದೊಡ್ಡ ಬೆಟ್ಟ ಕಾಣುತ್ತಿತ್ತು. ಶೆರ್ಪಾಗಳು ಅದನ್ನು ಚೋಮೊಲುಂಗ್ಮಾ ಎಂದು ಕರೆಯುತ್ತಾರೆ. ಅದು ದೇವಿಯ ಹೆಸರು. ಯಾವ ಹಕ್ಕಿಯೂ ಅದರ ಮೇಲೆ ಹಾರಲಾರದು ಎಂದು ತಾಯಿ ಮಗನಿಗೆ ಹೇಳುತ್ತಿದ್ದಳಂತೆ. ಹುಡುಗನಿಗೆ ಅದೇ ತಲೆಯಲ್ಲಿ ಕೂತುಬಿಟ್ಟಿತು.

ಇದೇ ಬೆಟ್ಟಕ್ಕೆ ಇಂಗ್ಲಿಷರು ಎವರೆಸ್ಟ್ ಎಂದು ಹೆಸರಿಟ್ಟರು. ಇಲ್ಲಿ ನಮ್ಮ ನಾಡಿನ ಒಂದು ವಿಷಯ ಹೇಳಬೇಕು. ಎವರೆಸ್ಟಿನ ಎತ್ತರ ಗೊತ್ತಾದದ್ದು ಭಾರತವನ್ನೆಲ್ಲಾ ಅಳೆದ ದೊಡ್ಡ ಸರ್ವೆಯಿಂದ. ಆ ಸರ್ವೆ ಮಾಡಿಸಿದ ವಿಲಿಯಂ ಲ್ಯಾಂಬ್ಟನ್ ತನ್ನ ಮೊದಲ ಅಳತೆ ಗೆರೆಯನ್ನು 1800ರಲ್ಲಿ ಎಳೆದದ್ದು ನಮ್ಮ ಬೆಂಗಳೂರಿನ ಬಳಿ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹಾಕುತ್ತಾ ಹಾಕುತ್ತಾ ಐವತ್ತು ವರ್ಷದ ಮೇಲೆ ಆ ಲೆಕ್ಕ ಹಿಮಾಲಯ ಮುಟ್ಟಿತು. ರಾಧಾನಾಥ ಸಿಕ್‌ದಾರ್ ಎಂಬ ಬಂಗಾಳಿ ಗಣಿತಜ್ಞರು 1852ರಲ್ಲಿ ಲೆಕ್ಕ ಮಾಡಿ, ಅದೇ ಎಲ್ಲಕ್ಕಿಂತ ಎತ್ತರದ ಶಿಖರ ಎಂದು ಕಂಡುಹಿಡಿದರು. 2020ರಲ್ಲಿ ಪ್ರಕಟವಾದ ಅಳತೆಯಂತೆ ಎವರೆಸ್ಟಿನ ಎತ್ತರ 8,848.86 ಮೀಟರ್. ಕರ್ನಾಟಕದಲ್ಲೇ ಎತ್ತರವಾದ ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಾಲ್ಕೂವರೆ ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ! ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ತೀರದಲ್ಲಿ ಸಿಗುವುದರ ಮೂರರಲ್ಲಿ ಒಂದು ಪಾಲು ಮಾತ್ರ.

1932ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ತೇನ್‌ಸಿಂಗ್ ಮನೆ ಬಿಟ್ಟು ಡಾರ್ಜಿಲಿಂಗಿಗೆ ಬಂದರು. ಆಗ ಎವರೆಸ್ಟಿಗೆ ಹೊರಡುವ ಇಂಗ್ಲಿಷರು ಹಮಾಲಿಗಳನ್ನು ಆರಿಸುತ್ತಿದ್ದದ್ದು ಅಲ್ಲೇ. 1933ರಲ್ಲಿ ಕೆಲಸ ಕೇಳಿದರು, ಸಿಗಲಿಲ್ಲ. 1935ರಲ್ಲಿ ಎರಿಕ್ ಶಿಪ್ಟನ್ ಎಂಬ ನಾಯಕ ಕೊನೆ ಗಳಿಗೆಯಲ್ಲಿ ಇವರನ್ನು ಸೇರಿಸಿಕೊಂಡ. ಅನುಭವ ಏನೂ ಇರಲಿಲ್ಲ, ಆದರೆ ಮುಖದಲ್ಲಿದ್ದ ನಗು ಶಿಪ್ಟನ್ನನಿಗೆ ಹಿಡಿಸಿತಂತೆ.

ಹಮಾಲಿ ಕೆಲಸ ಅಂದರೆ ಹುಡುಗಾಟವಲ್ಲ. ಹೊರೆಗೆ ಒಂದು ಪಟ್ಟಿ ಕಟ್ಟಿ, ಅದನ್ನು ಹಣೆಗೆ ಸಿಕ್ಕಿಸಿಕೊಂಡು, ಸುಮಾರು 27 ಕೆ.ಜಿ. ಭಾರ ಬೆನ್ನ ಮೇಲೆ ಹೊತ್ತು ದಿನಗಟ್ಟಲೆ ನಡೆಯಬೇಕು. ಬೇರೆಯವರ ಡೇರೆ, ಬೇರೆಯವರ ಊಟ, ಬೇರೆಯವರ ಹಾಸಿಗೆ. ತುದಿ ಹತ್ತಿದರೆ ಹೆಸರು ಬರುವುದೂ ಬೇರೆಯವರಿಗೇ. ಹೆಚ್ಚಿನವರಿಗೆ ಅದು ಕೂಲಿ ಅಷ್ಟೆ. ತೇನ್‌ಸಿಂಗ್ ಅವರಿಗೂ ಕೂಲಿ ಬೇಕಾಗಿತ್ತು. ಆದರೆ ಹೊರೆ ಇಳಿಸಿ ಆದ ಮೇಲೂ ಅವರ ಕಣ್ಣು ಮೇಲಕ್ಕೇ ಇರುತ್ತಿತ್ತು. ಇನ್ನೂ ಮೇಲೆ ಹೋಗಬೇಕು ಅನ್ನಿಸುತ್ತಿತ್ತು.

ಇದನ್ನು ಬರೆಯುವಾಗ ನನಗೆ ಒಂದು ಯೋಚನೆ ಬಂತು. ಅಮ್ಮ ಮೂಟೆ ಹೊತ್ತು ಹತ್ತುವ ಅದೇ ಏರಿನಲ್ಲಿ ನಾವು ಹುಡುಗರು ಭಾನುವಾರ ಪಂದ್ಯ ಕಟ್ಟಿ ಓಡಿ ಹತ್ತುತ್ತೇವೆ. ದಾರಿ ಅದೇ, ಏದುಸಿರು ಅದೇ, ಕಾಲುನೋವೂ ಅದೇ. ಆದರೂ ಒಂದು ದುಡಿಮೆ, ಒಂದು ಆಟ. ವ್ಯತ್ಯಾಸ ಗುಡ್ಡದಲ್ಲಿ ಇಲ್ಲ. ಯಾರಿಗಾಗಿ ಹತ್ತುತ್ತೇವೆ ಅನ್ನುವುದರಲ್ಲಿ ಇದೆ. ತೇನ್‌ಸಿಂಗ್ ಮಾಡಿದ ದೊಡ್ಡ ಕೆಲಸ ನನ್ನ ಲೆಕ್ಕದಲ್ಲಿ ಇದೇ. ದುಡಿಮೆಯ ದಾರಿಯನ್ನೇ ಹಿಡಿದು ಅವರು ಆಟಕ್ಕೆ ಬಂದರು.

1936 ಮತ್ತು 1938ರಲ್ಲೂ ಹೋದರು. 1938ರಲ್ಲಿ 8,200 ಮೀಟರಿಗಿಂತ ಮೇಲಿನ ಶಿಬಿರಕ್ಕೆ ಸಾಮಾನು ಹೊತ್ತು ಮುಟ್ಟಿಸಿದ್ದಕ್ಕೆ ಹಿಮಾಲಯನ್ ಕ್ಲಬ್ಬಿನವರು ಹುಲಿ ಪದಕ ಕೊಟ್ಟರು. ಆಮೇಲೆ ಎರಡನೇ ಮಹಾಯುದ್ಧ ಬಂದು ಎಲ್ಲಾ ನಿಂತುಹೋಯಿತು. 1944ರಲ್ಲಿ ಹೆಂಡತಿ ತೀರಿಕೊಂಡರು. ಚಿಕ್ಕ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮತ್ತೆ ಡಾರ್ಜಿಲಿಂಗಿಗೆ ಬಂದರು. ಕೆಲಸ ಕಡಿಮೆ, ಕಷ್ಟ ಜಾಸ್ತಿ. ಎರಡನೇ ಹೆಂಡತಿ ಆಂಗ್ ಲಾಮು ಆಯಾ ಕೆಲಸ ಮಾಡಿ ಸಂಸಾರಕ್ಕೆ ಹೆಗಲು ಕೊಟ್ಟರು. ಇಷ್ಟಾದರೂ 1947ರಲ್ಲಿ ಡೆನ್‌ಮನ್ ಎಂಬ ಒಬ್ಬಂಟಿ ಸಾಹಸಿ, ಪರವಾನಗಿಯೂ ಇಲ್ಲದೆ ಎವರೆಸ್ಟಿಗೆ ಹೊರಟಾಗ ತೇನ್‌ಸಿಂಗ್ ಜೊತೆಗೆ ಹೊರಟೇಬಿಟ್ಟರು. ಗಾಳಿ ಚಳಿಗೆ ಹೆದರಿ ಬೇಗನೆ ವಾಪಸು ಬರಬೇಕಾಯಿತು. ಹೊಟ್ಟೆಪಾಡಿಗಾಗಿ ಮಾತ್ರ ಬೆಟ್ಟ ಹತ್ತುವವರು ಇಂಥ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ.

1952ರಲ್ಲಿ ಸ್ವಿಟ್ಜರ್ಲೆಂಡಿನವರು ಬಂದರು. ಅವರು ತೇನ್‌ಸಿಂಗ್ ಅವರನ್ನು ಶೆರ್ಪಾಗಳ ಮುಖ್ಯಸ್ಥನನ್ನಾಗಿ ಮಾಡಿದ್ದಲ್ಲದೆ, ತಮ್ಮ ತಂಡದ ಆರೋಹಿ ಎಂದೇ ಸೇರಿಸಿಕೊಂಡರು. ಹದಿನೇಳು ವರ್ಷ ಹೊರೆ ಹೊತ್ತ ಮೇಲೆ ಸಿಕ್ಕ ಗೌರವ ಅದು. ಆ ತಂಡದ ಲಾಂಬೇರ್ ಅನ್ನುವವರು ಇವರಿಗೆ ಜೀವದ ಗೆಳೆಯರಾದರು. ಲಾಂಬೇರ್‌ಗೆ ಹಿಂದೆ ಹಿಮ ಹಿಡಿದು ಕಾಲ್ಬೆರಳುಗಳೇ ಹೋಗಿದ್ದವು. ಇವರ ಭಾಷೆ ಅವರಿಗೆ ಬಾರದು, ಅವರ ಭಾಷೆ ಇವರಿಗೆ ಬಾರದು. ಕೈಸನ್ನೆಯಲ್ಲೇ ಮಾತು. ಇಬ್ಬರೂ ತುದಿಯ ಹತ್ತಿರ ಒಂದು ಚಿಕ್ಕ ಡೇರೆಯಲ್ಲಿ ರಾತ್ರಿ ಕಳೆದರು. ಹಾಸಿಗೆ ಇಲ್ಲ, ಒಲೆ ಇಲ್ಲ. ಮೇಣದಬತ್ತಿಯ ಉರಿಯಲ್ಲಿ ಹಿಮ ಕರಗಿಸಿ ಗಂಟಲು ಒದ್ದೆ ಮಾಡಿಕೊಂಡರು. ನಿದ್ದೆ ಹೋದರೆ ಸಾಯುತ್ತೇವೆ ಎಂದು ಒಬ್ಬರಿಗೊಬ್ಬರು ಮೈ ತಟ್ಟುತ್ತಾ ಬೆಳಗು ಮಾಡಿದರು. ಮಾರನೇ ದಿನ ಸುಮಾರು 8,600 ಮೀಟರ್ ತನಕ ಹತ್ತಿದರು. ಇನ್ನು ಸುಮಾರು 250 ಮೀಟರ್ ಅಷ್ಟೆ. ಆದರೆ ಹತ್ತಿದರೆ ಜೀವಂತ ಇಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಗಿ ಹಿಂದಕ್ಕೆ ತಿರುಗಿದರು.

ಮಿತ್ರರೆ, ಈ ಆಟದ ಗುಟ್ಟು ಇಲ್ಲಿದೆ. ಕಬಡ್ಡಿಯಲ್ಲಿ ಎದುರಾಳಿ ಇರುತ್ತಾನೆ, ತೀರ್ಪುಗಾರ ಇರುತ್ತಾನೆ, ಚಪ್ಪಾಳೆ ತಟ್ಟುವ ಜನ ಇರುತ್ತಾರೆ. ಬೆಟ್ಟದ ಮೇಲೆ ಯಾರೂ ಇಲ್ಲ. ಎಷ್ಟು ಹತ್ತಬೇಕು, ಎಲ್ಲಿ ನಿಲ್ಲಬೇಕು ಅಂತ ನಾವೇ ತೀರ್ಪು ಹೇಳಬೇಕು. ಜೊತೆಯವನ ಸೊಂಟಕ್ಕೂ ನಮ್ಮ ಸೊಂಟಕ್ಕೂ ಒಂದೇ ಹಗ್ಗ. ಅವನು ಜಾರಿದರೆ ನಾವು ಹಿಡಿಯಬೇಕು, ನಾವು ಜಾರಿದರೆ ಅವನು. ಹಿಂದಿರುಗುವುದು ಸೋಲಲ್ಲ. ಅದೂ ಆಟದ ನಿಯಮವೇ.

ಅದೇ ವರ್ಷ ಮಳೆಗಾಲ ಮುಗಿದ ಮೇಲೆ ಮತ್ತೆ ಸ್ವಿಸ್ ತಂಡದ ಜೊತೆ ಹೋದರು. ಈ ಸಲವೂ ಚಳಿಗಾಳಿ ತಳ್ಳಿ ಹಾಕಿತು. ವಾಪಸು ಬರುವಾಗ ಜ್ವರ ಬಂದು ಮಲಗಿದರು. ಅಲ್ಲಿಗೆ ಆರು ಸಲ ಆಯಿತು.

ಏಳನೇ ಸಲ 1953. ಜಾನ್ ಹಂಟ್ ನಾಯಕತ್ವದ ಬ್ರಿಟಿಷ್ ತಂಡ. 350ಕ್ಕೂ ಹೆಚ್ಚು ಹಮಾಲಿಗಳು ಸಾಮಾನು ಹೊತ್ತರು. ನ್ಯೂಜಿಲೆಂಡಿನಲ್ಲಿ ಜೇನು ಸಾಕುತ್ತಿದ್ದ ಎಡ್ಮಂಡ್ ಹಿಲರಿ ಇವರ ಹಗ್ಗದ ಜೊತೆಗಾರ. ದಾರಿಯಲ್ಲಿ ಒಂದು ದಿನ ಹಿಲರಿ ಹಿಮದ ಬಿರುಕಿಗೆ ಬಿದ್ದಾಗ ತೇನ್‌ಸಿಂಗ್ ತಕ್ಷಣ ಹಿಮಗೊಡಲಿ ನೆಟ್ಟು ಹಗ್ಗ ಬಿಗಿಹಿಡಿದು ಉಳಿಸಿದರು. ಮೇ 26ರಂದು ಮೊದಲ ಜೋಡಿ ಹೋಗಿ ತುದಿಗೆ ಇನ್ನು ಸ್ವಲ್ಪ ಇರುವಾಗ ವಾಪಸು ಬಂತು. 28ರ ರಾತ್ರಿ ಹಿಲರಿ, ತೇನ್‌ಸಿಂಗ್ ಸುಮಾರು 8,500 ಮೀಟರ್ ಎತ್ತರದಲ್ಲಿ ಡೇರೆ ಹಾಕಿದರು. ಬೆಳಿಗ್ಗೆ ನೋಡಿದರೆ ಹಿಲರಿಯ ಬೂಟು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಲೆಯ ಮೇಲೆ ಕಾಯಿಸಿ ಮೆತ್ತಗೆ ಮಾಡಬೇಕಾಯಿತು. ತೇನ್‌ಸಿಂಗ್ ಬೂಟು ಬಿಚ್ಚದೇ ಮಲಗಿದ್ದರು. ಆರೂವರೆಗೆ ಹೊರಟರು. 1953ರ ಮೇ 29, ಬೆಳಿಗ್ಗೆ ಹನ್ನೊಂದೂವರೆಗೆ ಮೇಲೆ ಹತ್ತಲು ಇನ್ನೇನೂ ಉಳಿದಿರಲಿಲ್ಲ.

ತುದಿಯಲ್ಲಿ ಇದ್ದದ್ದು ಹದಿನೈದು ನಿಮಿಷ. ತೇನ್‌ಸಿಂಗ್ ಹಿಮ ಬಗೆದು ಚಾಕಲೇಟು, ಬಿಸ್ಕತ್ತು, ಮಿಠಾಯಿಯನ್ನು ದೇವಿಗೆ ನೈವೇದ್ಯ ಇಟ್ಟರು. ಮಗಳು ನೀಮಾ ಕೊಟ್ಟು ಕಳಿಸಿದ್ದ ಒಂದು ಕೆಂಪು-ನೀಲಿ ಪೆನ್ಸಿಲನ್ನೂ ಅಲ್ಲೇ ಇಟ್ಟರು. ಕೊರಳಲ್ಲಿ ಲಾಂಬೇರ್ ಕೊಟ್ಟ ಕೆಂಪು ಶಾಲು ಇತ್ತು. ದೀಪಾವಳಿಯಲ್ಲಿ ರಾತ್ರಿಯೆಲ್ಲಾ ದೇವಿರಮ್ಮನ ಬೆಟ್ಟ ಹತ್ತುವ ನಮ್ಮ ಜನರಿಗೆ ಇದು ಬೇಗ ಅರ್ಥವಾಗುತ್ತದೆ. ಅವರು ಬೆಟ್ಟವನ್ನು ಗೆದ್ದೆ ಅಂತ ನಿಲ್ಲಲಿಲ್ಲ, ಕೈಮುಗಿದು ನಿಂತರು.

ಕೆಳಗೆ ಬಂದ ಮೇಲೆ ಜನರ ಗಲಾಟೆ ಶುರುವಾಯಿತು. ಮೊದಲು ಕಾಲಿಟ್ಟವರು ಯಾರು? ತೇನ್‌ಸಿಂಗ್ ಯಾವ ದೇಶದವರು? ಒಂದೇ ಹಗ್ಗದಲ್ಲಿ ಹೋದವರಿಗೆ ಈ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಕೊನೆಗೆ ತೇನ್‌ಸಿಂಗ್ ತಮ್ಮ ಆತ್ಮಕಥೆಯಲ್ಲಿ, ಹಿಲರಿ ಒಂದು ಹೆಜ್ಜೆ ಮುಂದೆ ಇದ್ದರು, ತಾನು ಹಿಂದೆಯೇ ಇದ್ದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ದೊಡ್ಡಸ್ತಿಕೆ ಬೇಕಾಗಿದ್ದವರು ಹೀಗೆ ಹೇಳುತ್ತಿರಲಿಲ್ಲ.

1954ರಲ್ಲಿ ಪ್ರಧಾನಿ ನೆಹರೂ ಅವರ ಆಸಕ್ತಿಯಿಂದ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಓದು ಬಾರದ ತೇನ್‌ಸಿಂಗ್ ಅದರ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರಾದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹುಡುಗ ಹುಡುಗಿಯರಿಗೆ ಬೆಟ್ಟ ಹತ್ತುವುದನ್ನು ಕಲಿಸಿದರು. 1959ರಲ್ಲಿ ಪದ್ಮಭೂಷಣ ಬಂತು. ತನ್ನ ಮಕ್ಕಳು ಮಾತ್ರ ಎವರೆಸ್ಟಿಗೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಅವರು ಕಷ್ಟಪಟ್ಟದ್ದೇ ಮಕ್ಕಳು ಓದಲಿ ಅಂತ. ಇದು ನಮ್ಮ ಅಪ್ಪ ಅಮ್ಮಂದಿರ ಮಾತಿನ ಹಾಗೇ ಇದೆ ಅಲ್ಲವೇ! 1986ರ ಮೇ 9ರಂದು ಡಾರ್ಜಿಲಿಂಗಿನಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 1996ರಲ್ಲಿ, ಮಗ ಜಮ್‌ಲಿಂಗ್ ಓದು ಮುಗಿಸಿ ಎವರೆಸ್ಟನ್ನೂ ಹತ್ತಿದರು.

ನಾವು ಎವರೆಸ್ಟಿಗೆ ಹೋಗಬೇಕೆಂದೇನಿಲ್ಲ. ಆದರೆ ಮೇರ್ತಿ ಗುಡ್ಡ, ಬಲ್ಲಾಳರಾಯನ ದುರ್ಗ, ಮುಳ್ಳಯ್ಯನಗಿರಿ ಇವೆಲ್ಲಾ ಊರ ಕಡೆಯಿಂದ ಬರುವವರಿಗೆ ಮಾತ್ರ ಇರುವುದಲ್ಲ. ಹೊರೆ ಇಲ್ಲದೆ, ನಮಗಾಗಿಯೇ, ವರ್ಷಕ್ಕೊಮ್ಮೆಯಾದರೂ ಹತ್ತಬೇಕು. ಒಬ್ಬರೇ ಹೋಗಬೇಡಿ, ದೊಡ್ಡವರು ಜೊತೆಗಿರಲಿ. ಅನುಮತಿ ಬೇಕಾದ ಕಡೆ ತೆಗೆದುಕೊಂಡೇ ಹೋಗಿ. ಮಳೆಗಾಲದಲ್ಲಿ ಬೇಡ, ಜಾರುತ್ತೆ, ಜಿಗಣೆಯೂ ಬಿಡುವುದಿಲ್ಲ. ಮಂಜು ಕವಿದು ದಾರಿ ಕಾಣದಿದ್ದರೆ ವಾಪಸು ಬನ್ನಿ, ತೇನ್‌ಸಿಂಗ್ ಕೂಡ ಆರು ಸಲ ವಾಪಸು ಬಂದಿದ್ದಾರೆ. ಪ್ಲಾಸ್ಟಿಕ್ ಮಾತ್ರ ಅಲ್ಲಿ ಬಿಡಬೇಡಿ.

ಎವರೆಸ್ಟ್ ಏರಿದ ಭಾರತದ ಮೊದಲ ಮಹಿಳೆ ಬಚೇಂದ್ರಿ ಪಾಲ್ ಅವರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ನಮ್ಮ ತರಗತಿಯ ಗೆಳತಿ ಬರೆಯುತ್ತಾಳೆ. ತಪ್ಪದೇ ಓದಿ.